ಫೀಡ್ ಆಮೇಲೆ, ಮೊದಲು ಲೆಕ್ಕದ ಪುಟ: ಕ್ರಿಯೇಟರ್‌ಗಳಿಗಾಗಿ ಆಪ್ ಕಟ್ಟುತ್ತಿರುವವರಿಗೆ ಒಂದು ಬಹಿರಂಗ ಪತ್ರ

ಬೆಂಗಳೂರಿನಲ್ಲಿ ಕೂತು ಹೊಸ ಸೋಶಿಯಲ್ ಮೀಡಿಯಾ ಆಪ್ ಕಟ್ಟುತ್ತಿರುವ ಎಂಜಿನಿಯರ್, ಡಿಸೈನರ್ ಗೆಳೆಯರಿಗೆ,

ನಮಸ್ಕಾರ.

ನಾನು ಹಾವೇರಿಯಲ್ಲಿ ವಿಡಿಯೊ ಎಡಿಟಿಂಗ್ ಮಾಡುತ್ತೇನೆ. ಮೊದಲು ಮದುವೆ ವಿಡಿಯೊಗಳ ಕೆಲಸ ಇತ್ತು, ಈಗ ಹೆಚ್ಚಿನದು ಯೂಟ್ಯೂಬ್, ಇನ್‌ಸ್ಟಾಗ್ರಾಂ ಚಾನೆಲ್‌ಗಳದ್ದು. ಅಡುಗೆ ತೋರಿಸುವ ಹೆಣ್ಣುಮಕ್ಕಳು, ಟ್ರ್ಯಾಕ್ಟರ್ ರಿಪೇರಿ ಮಾಡುವ ಮೇಸ್ತ್ರಿ, ಮೆಣಸಿನಗಿಡದ ರೋಗಕ್ಕೆ ಮದ್ದು ಹೇಳುವ ರೈತ, ತತ್ವಪದ ಹಾಡುವ ತಂಡ, ಇಂಥವರೇ ನನ್ನ ಗಿರಾಕಿಗಳು. ವಿಡಿಯೊ ಕತ್ತರಿಸಿ ಜೋಡಿಸುವುದರ ಜತೆಗೆ ಅವರ ಚಾನೆಲ್ಲಿನ ದುಡ್ಡಿನ ಲೆಕ್ಕ ಓದಿ ಹೇಳುವ ಕೆಲಸವೂ ನನ್ನ ತಲೆಗೇ ಬಂದಿದೆ. ಆ ಪುಟ ಅವರಿಗೆ ತಿಳಿಯುವ ಹಾಗೆ ಯಾರೂ ಮಾಡಿಲ್ಲ.

ಕ್ರಿಯೇಟರ್‌ಗಳಿಗೆ, ಅಂದರೆ ವಿಡಿಯೊ ಮಾಡಿ ಹಾಕುವ ಇಂಥವರಿಗೆ, ಆದಾಯ ತಂದುಕೊಡುವ ಆಪ್ ಮಾಡುತ್ತೇವೆ ಎಂದು ನೀವು ಹೇಳುವುದನ್ನು ಕೇಳಿದಾಗ ನನಗೆ ನಿಜವಾಗಿ ಸಂತೋಷವಾಗುತ್ತದೆ. ಅದಕ್ಕೇ ಈ ಪತ್ರ. ನನ್ನ ಬೇಡಿಕೆ ಒಂದೇ. ಆಪ್ ತೆರೆದಾಗ ಸಾಲಾಗಿ ಕಾಣುವ ಫೀಡ್ ಹೇಗಿರಬೇಕು, ಲೈಕ್ ಬಟನ್ ಎಲ್ಲಿರಬೇಕು ಎಂಬುದನ್ನು ಆಮೇಲೆ ನೋಡಿ. ನೋಡುವವರ ಜೇಬಿನಿಂದ ಮಾಡಿದವರ ಖಾತೆಗೆ ದುಡ್ಡು ಯಾವ ದಾರಿಯಲ್ಲಿ ಬರುತ್ತದೆ, ದಾರಿಯಲ್ಲಿ ಯಾರು ಎಷ್ಟು ಹಿಡಿಯುತ್ತಾರೆ ಎಂದು ತೋರಿಸುವ ಪುಟವನ್ನು ಎಲ್ಲಕ್ಕಿಂತ ಮೊದಲು ವಿನ್ಯಾಸ ಮಾಡಿ. ಆ ಪುಟ ಸರಿಯಾದರೆ ಉಳಿದ ಆಪ್ ಅದಕ್ಕೆ ತಕ್ಕ ಹಾಗೆ ತಾನೇ ರೂಪ ತಾಳುತ್ತದೆ.

ಈಗಿರುವ ದಾರಿ ನಿಮಗೆ ಗೊತ್ತು. ಯೂಟ್ಯೂಬ್ 2007ರಲ್ಲಿ ಪಾರ್ಟ್ನರ್ ಪ್ರೋಗ್ರಾಂ ತಂದಾಗ ಮನೆಯಲ್ಲಿ ಕೂತು ವಿಡಿಯೊ ಮಾಡುವವರಿಗೂ ಜಾಹೀರಾತಿನ ಪಾಲು ಸಿಗುವಂತಾಯಿತು. ಅದು ದೊಡ್ಡ ಉಪಕಾರ, ಅಲ್ಲಗಳೆಯುವುದಿಲ್ಲ. ಇವತ್ತಿಗೂ ಉದ್ದನೆಯ ವಿಡಿಯೊದ ಜಾಹೀರಾತಿನಲ್ಲಿ 55 ಪರ್ಸೆಂಟ್ ಮಾಡಿದವರಿಗೆ ಬರುತ್ತದೆ. ಶಾರ್ಟ್ಸ್ ಎಂಬ ಕಿರು ವಿಡಿಯೊಗಳಿಗೆ 2023ರ ಫೆಬ್ರುವರಿಯಿಂದ ಪಾಲು ಕೊಡುತ್ತಿದ್ದಾರೆ, ಅದು 45 ಪರ್ಸೆಂಟ್. ಆದರೆ ಆ ಜಾಹೀರಾತಿನ ಪಾಲು ಸಿಗಬೇಕಾದರೆ 1,000 ಸಬ್‌ಸ್ಕ್ರೈಬರ್ ಆಗಬೇಕು, ಜತೆಗೆ 12 ತಿಂಗಳಲ್ಲಿ 4,000 ಗಂಟೆಯ ವೀಕ್ಷಣೆ ಆಗಬೇಕು, ಇಲ್ಲವೇ 90 ದಿನದಲ್ಲಿ ಶಾರ್ಟ್ಸ್‌ಗೆ 1 ಕೋಟಿ ವ್ಯೂಸ್ ಬರಬೇಕು. ಅಷ್ಟಾದ ಮೇಲೂ ಖಾತೆಯಲ್ಲಿ 100 ಡಾಲರ್ ಕೂಡುವ ತನಕ ಒಂದು ರೂಪಾಯಿಯೂ ಬ್ಯಾಂಕಿಗೆ ಬರುವುದಿಲ್ಲ. ಸಣ್ಣ ಚಾನೆಲ್ಲಿಗೆ ಆ 100 ಡಾಲರ್ ಎಂದರೆ ತಿಂಗಳುಗಟ್ಟಲೆ ಕಾಯುವುದು.

ಕನ್ನಡಕ್ಕೆ ಇಲ್ಲಿ ಇನ್ನೊಂದು ತೊಡಕಿದೆ. 2011ರ ಜನಗಣತಿಯಲ್ಲಿ ಕನ್ನಡ ತಾಯ್ನುಡಿ ಎಂದವರು ಸುಮಾರು 4.37 ಕೋಟಿ. ಜಾಹೀರಾತು ಕೊಡುವವರು ನೋಟದ, ಅಂದರೆ ವ್ಯೂಸ್‌ನ, ಲೆಕ್ಕದಲ್ಲಿ ದುಡ್ಡು ಕೊಡುತ್ತಾರೆ. ಹಿಂದಿಯವರಿಗೆ ಸಿಗುವಷ್ಟು ನೋಟ ನಮಗೆ ಯಾವ ಕಾಲಕ್ಕೂ ಸಿಗುವುದಿಲ್ಲ, ಹಳ್ಳಿಯ ವೀಕ್ಷಕರಿಗೆಂದು ಜಾಹೀರಾತಿನವರು ಕೊಡುವ ದರವೂ ಕಡಿಮೆಯೇ. ಇದರ ಪರಿಣಾಮ ನಾನು ದಿನಾ ಎಡಿಟಿಂಗ್ ಟೇಬಲ್ ಮೇಲೆ ನೋಡುತ್ತೇನೆ. ಚೆನ್ನಾಗಿ ಮಾತಾಡುತ್ತಿದ್ದ ಹುಡುಗ ಮಾತು ಬಿಟ್ಟು ಕೈಸನ್ನೆಯ ರೀಲ್ಸ್ ಮಾಡತೊಡಗುತ್ತಾನೆ, ಹಿಂದೆ ಟ್ರೆಂಡಿಂಗ್ ಹಿಂದಿ ಹಾಡು ಹಾಕು ಎನ್ನುತ್ತಾನೆ. ಅವನದು ತಪ್ಪಲ್ಲ. ಮಾತಾಡದಿದ್ದರೆ ಬೇರೆ ಭಾಷೆಯವರೂ ನೋಡಿ ಕಾಸು ಹೆಚ್ಚು ಬರುವ ಹಾಗೆ ದಾರಿ ಮಾಡಿಟ್ಟರೆ ಯಾರಾದರೂ ಆ ದಾರಿಯಲ್ಲೇ ಹೋಗುತ್ತಾರೆ. ನೀವೂ ವ್ಯೂಸ್ ಲೆಕ್ಕಕ್ಕೇ ದುಡ್ಡು ಕೊಡುವ ಆಪ್ ಮಾಡಿದರೆ, ಅದರ ಮೇಲೆ ಎಷ್ಟೇ ಕನ್ನಡ ಅಕ್ಷರ ಬರೆದರೂ ಒಳಗೆ ನಡೆಯುವುದು ಇದೇ.

ಎರಡನೆಯ ದಾರಿ, ಹೂಡಿಕೆದಾರರ ದುಡ್ಡಿನಲ್ಲಿ ಒಂದು ನಿಧಿ ಮಾಡಿ ಹಂಚುವುದು. ಟಿಕ್‌ಟಾಕ್ 2020ರಲ್ಲಿ ಅಮೆರಿಕದಲ್ಲಿ 20 ಕೋಟಿ ಡಾಲರಿನ ಕ್ರಿಯೇಟರ್ ಫಂಡ್ ಘೋಷಿಸಿತು. ನಿಧಿ ಇಷ್ಟೇ ಎಂದು ಮೊದಲೇ ಗೊತ್ತುಮಾಡಿದ್ದರಿಂದ ಕ್ರಿಯೇಟರ್‌ಗಳು ಹೆಚ್ಚಿದಂತೆ ಒಬ್ಬೊಬ್ಬರ ಪಾಲು ಕರಗಿತು. ಆಪ್ ಬೆಳೆದಷ್ಟೂ ಅದನ್ನು ಬೆಳೆಸಿದವರಿಗೆ ಸಿಗುವುದು ಕಡಿಮೆಯಾಗುವಂಥ ಏರ್ಪಾಡು ಅದು. 2023ರ ಕೊನೆಗೆ ಅವರೇ ಆ ಫಂಡನ್ನು ಮುಚ್ಚಿದರು. ಅದಕ್ಕೂ ಹಿಂದೆ ವೈನ್ ಇತ್ತು, ಆರು ಸೆಕೆಂಡಿನ ವಿಡಿಯೊಗಳ ಆಪ್. ಜನ ಮುಗಿಬಿದ್ದರು. ಮಾಡುವವರಿಗೆ ಅಲ್ಲಿ ಗಳಿಕೆಯ ದಾರಿಯೇ ಇರಲಿಲ್ಲ. ಹೆಸರು ಮಾಡಿದವರೆಲ್ಲ ಯೂಟ್ಯೂಬಿಗೆ, ಇನ್‌ಸ್ಟಾಗ್ರಾಮಿಗೆ ಎದ್ದು ಹೋದರು. 2013ರಲ್ಲಿ ಬಂದ ಆಪ್, 2016ರ ಅಕ್ಟೋಬರಿನಲ್ಲಿ ಮುಚ್ಚುತ್ತೇವೆ ಎಂದು ಹೇಳಬೇಕಾಯಿತು.

ನಮ್ಮಲ್ಲಿ ಕೂ ಬಂತು. ಟ್ವಿಟರ್ ಥರ ಸಣ್ಣ ಬರಹ ಹಾಕುವ ಬೆಂಗಳೂರಿನ ಆಪ್, 2020ರಲ್ಲಿ ಮೊದಲು ಶುರುವಾದದ್ದೇ ಕನ್ನಡದಲ್ಲಿ. ನಮ್ಮ ಕಡೆಯ ಎಷ್ಟೋ ಜನ ಅಲ್ಲಿ ಬರೆದರು. 2024ರ ಜುಲೈನಲ್ಲಿ ಅದು ಮುಚ್ಚಿತು. ಇಂಥ ಆಪ್ ನಡೆಸುವ ತಂತ್ರಜ್ಞಾನದ ಖರ್ಚು ಬಲು ಹೆಚ್ಚು ಎಂದು ಸ್ಥಾಪಕರೇ ಹೇಳಿದರು. ಒಳ್ಳೆಯ ಮನಸ್ಸು, ಒಳ್ಳೆಯ ಭಾಷೆ ಎರಡೂ ಇದ್ದು ದುಡ್ಡಿನ ದಾರಿ ಗಟ್ಟಿಯಾಗದಿದ್ದರೆ ಏನಾಗುತ್ತದೆ ಎಂಬುದನ್ನು ನಾವು ನಮ್ಮ ಭಾಷೆಯಲ್ಲೇ ನೋಡಿದ್ದೇವೆ.

ಹಾಗಾದರೆ ದಾರಿ ಯಾವುದು? ನೋಡುವವರಿಂದ ನೇರವಾಗಿ, ಸಣ್ಣ ಸಣ್ಣ ಮೊತ್ತ.

ಇದು ನಮ್ಮ ಜನರಿಗೆ ಹೊಸದಲ್ಲ. ನಮ್ಮ ಕಡೆ ದೊಡ್ಡಾಟ, ಭಜನೆ, ಗೀಗೀ ಪದದ ಕಾರ್ಯಕ್ರಮಗಳಲ್ಲಿ ಹಾಡು ಮನಸ್ಸಿಗೆ ಹಿಡಿಸಿದರೆ ಜನ ಎದ್ದು ಬಂದು ಆಯೇರಿ ಮಾಡುತ್ತಾರೆ. ಐವತ್ತೊಂದೋ ನೂರಾ ಒಂದೋ ರೂಪಾಯಿ. ಮೈಕಿನಲ್ಲಿ ಕೊಟ್ಟವರ ಹೆಸರು, ಊರ ಹೆಸರು ಹೇಳುತ್ತಾರೆ. ಕೊಟ್ಟವರಿಗೆ ಮರ್ಯಾದೆ, ಹಾಡಿದವರಿಗೆ ಆಸರೆ. ನಿಮ್ಮ ಆಪಿನಲ್ಲಿ ಮೆಚ್ಚಿ ಕೊಡುವ ಬಟನ್ ಮಾಡುವಾಗ ಚಿನ್ನದ ನಾಣ್ಯ, ವಜ್ರ, ಗುಲಾಬಿ ಎಂದು ಹೊಸ ಚಲಾವಣೆ ಹುಟ್ಟಿಸಬೇಡಿ. 10 ರೂಪಾಯಿ ಕೊಟ್ಟರೆ 10 ರೂಪಾಯಿ ಎಂದೇ ಕಾಣಲಿ. ಕೊಟ್ಟವರ ಹೆಸರು, ಅವರು ಒಪ್ಪಿದರೆ ಊರು, ಹಾಡಿನ ಕೆಳಗೆ ಕಾಣಲಿ. ನಾಣ್ಯ, ವಜ್ರ ಎಂದಾಗ ನೂರಕ್ಕೆ ಎಷ್ಟು ಕಳೆಯಿತು ಎಂಬುದು ಕೊಡುವವರಿಗೂ ತಿಳಿಯುವುದಿಲ್ಲ, ಪಡೆಯುವವರಿಗೂ ತಿಳಿಯುವುದಿಲ್ಲ.

ಸಣ್ಣ ಮೊತ್ತ ಸಾಗಿಸುವ ವ್ಯವಸ್ಥೆ ಜಗತ್ತಿನ ಬಹಳ ದೇಶಗಳಲ್ಲಿ ಇಲ್ಲ, ನಮ್ಮಲ್ಲಿ ಇದೆ. 2016ರಲ್ಲಿ ಬಂದ ಯುಪಿಐ ಈಗ ತರಕಾರಿ ಗಾಡಿಯ ತನಕ ತಲುಪಿದೆ. ಬ್ಯಾಂಕ್ ಖಾತೆಯಿಂದ ಯುಪಿಐ ಮೂಲಕ ಅಂಗಡಿಗೆ ಕೊಡುವ ಹಣಕ್ಕೆ 2020ರ ಜನವರಿಯಿಂದ ಎಂಡಿಆರ್, ಅಂದರೆ ಪಾವತಿಗಾಗಿ ಅಂಗಡಿಯವರಿಂದ ಹಿಡಿಯುವ ಶುಲ್ಕ, ಇಲ್ಲ. ಅದೇ ವರ್ಷ ಯುಪಿಐ ಆಟೋಪೇ ಬಂತು. ಒಮ್ಮೆ ಪಿನ್ ಹಾಕಿ ಒಪ್ಪಿಗೆ ಕೊಟ್ಟರೆ ತಿಂಗಳು ತಿಂಗಳು ತಾನೇ ಕಟ್ ಆಗುತ್ತದೆ. ತಿಂಗಳಿಗೆ 29 ರೂಪಾಯಿ ಕೊಡುವ 1,000 ಜನ ಒಬ್ಬ ಕೃಷಿ ವಿಡಿಯೊ ಮಾಡುವವರಿಗೆ ಸಿಕ್ಕರೆ 29,000 ರೂಪಾಯಿ. ಹಾವೇರಿ, ಬ್ಯಾಡಗಿ, ಹಿರೇಕೆರೂರಿನಂಥ ಊರಲ್ಲಿ ಆ ದುಡ್ಡಿನಿಂದ ಮನೆ ನಡೆಯುತ್ತದೆ. ಮೆಣಸಿನಗಿಡ ಮುಟುರಿದಾಗ ಯಾವ ಔಷಧ ಹೊಡೆಯಬೇಕು, ಯಾವುದು ದಂಡ ಎಂದು ಹೇಳುವವರಿಗೆ 29 ರೂಪಾಯಿ ಕೊಡಲು ರೈತ ಹಿಂದೆ ನೋಡುವುದಿಲ್ಲ. ಕೇಳುವ ವ್ಯವಸ್ಥೆ ಇಲ್ಲದ್ದರಿಂದ ಕೊಟ್ಟಿಲ್ಲ, ಅಷ್ಟೇ.

ಆದರೆ ಆ 29 ರೂಪಾಯಿಯ ಗತಿ ನೋಡಿ. ಫೋನಿನ ಆಪ್ ಸ್ಟೋರ್ ಮೂಲಕ ಪಾವತಿ ಮಾಡಿಸಿದರೆ ಸ್ಟೋರಿನವರು 15ರಿಂದ 30 ಪರ್ಸೆಂಟ್ ಹಿಡಿಯುತ್ತ ಬಂದಿದ್ದಾರೆ. 15 ಎಂದೇ ಇಟ್ಟುಕೊಳ್ಳೋಣ. ಉಳಿದದ್ದು 24 ರೂಪಾಯಿ 65 ಪೈಸೆ. ಅದರಲ್ಲಿ ಆಪಿನವರು 30 ಪರ್ಸೆಂಟ್ ತೆಗೆದರೆ ಮಾಡಿದವರ ಕೈಗೆ ಬರುವುದು 17 ರೂಪಾಯಿ ಚಿಲ್ಲರೆ. ಗೂಗಲ್‌ನ ಪ್ಲೇ ಸ್ಟೋರ್ ಪಾವತಿ ನಿಯಮಗಳ ಮೇಲೆ ಭಾರತೀಯ ಸ್ಪರ್ಧಾ ಆಯೋಗ 2022ರ ಅಕ್ಟೋಬರಿನಲ್ಲಿ 936.44 ಕೋಟಿ ರೂಪಾಯಿ ದಂಡ ಹಾಕಿತು. 2025ರ ಮಾರ್ಚಿನಲ್ಲಿ ಮೇಲ್ಮನವಿ ನ್ಯಾಯಮಂಡಳಿ ಅದನ್ನು 216.69 ಕೋಟಿಗೆ ಇಳಿಸಿತು. ಈ ನಡುವೆ ಬೇರೆ ಪಾವತಿ ದಾರಿ ಬಳಸಿದರೂ ಸ್ಟೋರಿನ ಶುಲ್ಕದಲ್ಲಿ ಕಡಿಮೆಯಾದದ್ದು 4 ಪರ್ಸೆಂಟ್ ಮಾತ್ರ. ಆ ಜಗಳ ದೊಡ್ಡವರದು, ಮುಗಿಯುವ ತನಕ ನಾವು ಕಾಯಲಾಗದು. ಸದಸ್ಯತ್ವದ ಪಾವತಿಯನ್ನು ವೆಬ್ ಪುಟದಲ್ಲಿ ಇಡಿ. ಪ್ರತಿ ಕ್ರಿಯೇಟರಿಗೂ ಒಂದು ಕ್ಯೂಆರ್ ಕೋಡ್ ಕೊಡಿ, ಅದನ್ನು ಅವರು ವಾಟ್ಸ್‌ಆಪ್ ಗುಂಪಿನಲ್ಲಿ ಹಾಕುತ್ತಾರೆ, ಜಾತ್ರೆಯಲ್ಲಿ ಬ್ಯಾನರಿನ ಮೂಲೆಗೆ ಅಂಟಿಸುತ್ತಾರೆ. ಜನರಿಗೆ ಸ್ಕ್ಯಾನ್ ಮಾಡುವುದನ್ನು ಯಾರೂ ಹೇಳಿಕೊಡಬೇಕಿಲ್ಲ.

ಇನ್ನು ಲೆಕ್ಕದ ಪುಟಕ್ಕೆ ಬರುತ್ತೇನೆ. ನಮ್ಮ ಹಳ್ಳಿಯ ಹಾಲಿನ ಡೇರಿಗೆ ಬೆಳಗ್ಗೆ ಹೋಗಿ ಹಾಲು ಹಾಕಿದರೆ ಯಂತ್ರದಿಂದ ಒಂದು ಚೀಟಿ ಬರುತ್ತದೆ. ಎಷ್ಟು ಲೀಟರ್, ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನಲ್ಲಿ ಉಳಿಯುವ ಗಟ್ಟಿ ಅಂಶ) ಎಷ್ಟು, ದರ ಎಷ್ಟು, ಒಟ್ಟು ಎಷ್ಟು. ಓದು ಬಾರದ ಅಜ್ಜಿಯೂ ಆ ಚೀಟಿ ಹಿಡಿದು ನಿನ್ನೆಗಿಂತ ಫ್ಯಾಟ್ ಯಾಕೆ ಇಳಿಯಿತು ಎಂದು ಕಾರ್ಯದರ್ಶಿಯನ್ನು ಕೇಳುತ್ತಾಳೆ. ನನಗೆ ಬೇಕಾದ ಲೆಕ್ಕದ ಪುಟ ಅಂಥದ್ದು. ಇವತ್ತು ಎಷ್ಟು ಜನ ನೋಡಿದರು, ಅದರಲ್ಲಿ ಎಷ್ಟು ಜನ ಕೊಟ್ಟರು, ಪಾವತಿ ಸಾಗಿಸುವ ಗೇಟ್‌ವೇಗೆ ಎಷ್ಟು, ನಿಮ್ಮ ಆಪಿಗೆ ಎಷ್ಟು, ತೆರಿಗೆ ಎಷ್ಟು, ಖಾತೆಗೆ ಎಷ್ಟು. ಅದೇ ದಿನ, ರೂಪಾಯಿಯಲ್ಲಿ, ಕನ್ನಡದಲ್ಲಿ. ಈಗ ಸಿಗುವುದು 'ಅಂದಾಜು ಆದಾಯ' ಎಂಬ ಒಂದು ಸಂಖ್ಯೆ. ತಿಂಗಳ ಕೊನೆಗೆ ಅದು ಇನ್ನೊಂದು ಸಂಖ್ಯೆ ಆಗಿರುತ್ತದೆ. ನಡುವೆ ಏನು ಕಳೆಯಿತು ಎಂದು ಹೇಳುವವರು ಯಾರೂ ಇಲ್ಲ.

ರೋಣ ತಾಲ್ಲೂಕಿನ ಒಬ್ಬ ಅಕ್ಕನವರು ರೊಟ್ಟಿ, ಮುದ್ದಿಪಲ್ಯೆ, ಗುರೆಳ್ಳು ಚಟ್ನಿ ಮಾಡುವ ವಿಡಿಯೊ ಹಾಕುತ್ತಾರೆ. ವಿದೇಶದಲ್ಲಿರುವ ಕನ್ನಡಿಗರು ಅವರ ವಿಡಿಯೊ ಬಹಳ ನೋಡುತ್ತಾರೆ. ಅಮೆರಿಕದ ವೀಕ್ಷಕರಿಂದ ಬರುವ ಗಳಿಕೆಯ ಮೇಲೆ ಅಲ್ಲಿನ ತೆರಿಗೆ ಹಿಡಿಯುತ್ತಾರೆ, ಅದಕ್ಕೆ ಡಬ್ಲ್ಯೂ-8 ಬೆನ್ ಎಂಬ ಫಾರ್ಮ್ ತುಂಬಬೇಕು. ಭಾರತ-ಅಮೆರಿಕ ಒಪ್ಪಂದದ ಪ್ರಕಾರ 15 ಪರ್ಸೆಂಟ್. ಫಾರ್ಮ್ ತುಂಬದೆ ಬಿಟ್ಟರೆ ಜಗತ್ತಿನ ಎಲ್ಲ ಕಡೆಯಿಂದ ಬಂದ ಗಳಿಕೆಯ ಮೇಲೂ 24 ಪರ್ಸೆಂಟ್ ತನಕ ಹಿಡಿಯಬಹುದು. ಆ ಅಕ್ಕ ಮತ್ತು ನಾನು ಅವರ ಪಡಸಾಲೆಯಲ್ಲಿ ಕೂತು ಆ ಫಾರ್ಮ್ ತುಂಬಿದೆವು. ಒಪ್ಪಂದದ ಯಾವ ವಿಧಿ ಎಂದು ಅದು ಇಂಗ್ಲಿಷಿನಲ್ಲಿ ಕೇಳುತ್ತದೆ. ಹಿಟ್ಟಿನ ಕೈ ಒರೆಸಿಕೊಂಡು ಬಂದು ಕೂತವರು ಪರದೆ ನೋಡಿ, 'ನಾ ರೊಟ್ಟಿ ಮಾಡಿದ್ದಕ್ಕ ಅಮೆರಿಕಾದವರಿಗೆ ಯಾಕ ಬರದು ಕೊಡಬೇಕು?' ಎಂದರು. ಸರಿಯಾದ ಪ್ರಶ್ನೆ. ಆ ಪರದೆ ಮಾಡಿದವರು ಅದರ ಮೇಲೆ ಎರಡು ಸಾಲು ವಿವರಣೆ ಬರೆಯಬಹುದಿತ್ತು. ನೀವು ಪ್ಯಾನ್, ಬ್ಯಾಂಕ್ ವಿವರ ಕೇಳುವ ಪ್ರತಿ ಪರದೆಯ ಮೇಲೂ ಯಾಕೆ ಕೇಳುತ್ತಿದ್ದೀರಿ ಎಂದು ಕನ್ನಡದಲ್ಲಿ ಎರಡು ಸಾಲು ಬರೆಯಿರಿ. ಕಂಪನಿಗಳು ಕಳಿಸುವ ಮಿಕ್ಸರ್, ಫೋನುಗಳೂ ತೆರಿಗೆಯ ಲೆಕ್ಕಕ್ಕೆ ಬರುತ್ತವೆ ಎಂಬುದು 2022ರ ಜುಲೈಯಿಂದ ನಿಯಮ, ವರ್ಷಕ್ಕೆ 20,000 ರೂಪಾಯಿ ಮೀರಿದರೆ 10 ಪರ್ಸೆಂಟ್ ಟಿಡಿಎಸ್, ಅಂದರೆ ಮೊದಲೇ ಹಿಡಿಯುವ ತೆರಿಗೆ. ಅದೂ ಅದೇ ಪುಟದಲ್ಲಿ ಕಾಣಲಿ.

ಈಗ ನನಗೆ ಎಲ್ಲಕ್ಕಿಂತ ಹೆಚ್ಚು ನೋವು ಕೊಡುವ ವಿಷಯ. ತತ್ವಪದದ ತಂಡ ಎಂದರೆ ಒಬ್ಬರಲ್ಲ. ಏಕತಾರಿ ಹಿಡಿದು ಹಾಡುವವರು, ದಮ್ಮಡಿ ಬಾರಿಸುವವರು, ತಾಳದವರು, ಹಿಮ್ಮೇಳದವರು. ಮಠದ ಕಟ್ಟೆಯ ಮೇಲೆ ಅವರು ರಾತ್ರಿ ಹಾಡುವಾಗ ಯಾರೋ ಫೋನಿನಲ್ಲಿ ಹಿಡಿದು ತಮ್ಮ ಪೇಜಿಗೆ ಹಾಕುತ್ತಾರೆ. ಲಕ್ಷಗಟ್ಟಲೆ ಜನ ನೋಡುತ್ತಾರೆ. ಗಳಿಕೆ ಹಾಕಿದವರಿಗೆ. ಹಾಡಿದವರ ಹೆಸರೂ ಅಲ್ಲಿ ಇರುವುದಿಲ್ಲ. ಹಾಡಿದ ಹಿರಿಯರು ಮರುದಿನ ಕೂಲಿಗೆ ಹೋಗಿರುತ್ತಾರೆ.

ಇದನ್ನು ತಡೆಯುವುದು ಕಷ್ಟವೇನಲ್ಲ, ಅಪ್‌ಲೋಡ್ ಮಾಡುವ ಪರದೆಯಲ್ಲಿ ಒಂದು ಪ್ರಶ್ನೆ ಸೇರಿಸಿದರೆ ಸಾಕು: 'ಈ ವಿಡಿಯೊದಲ್ಲಿ ಹಾಡಿದವರು, ಬಾರಿಸಿದವರು, ಮಾತಾಡಿದವರು ಯಾರು?' ಅವರ ಫೋನ್ ನಂಬರ್ ಹಾಕಿದರೆ ಅವರಿಗೆ ಒಂದು ಮೆಸೇಜ್ ಹೋಗಲಿ, ಸ್ಮಾರ್ಟ್‌ಫೋನ್ ಇಲ್ಲದಿದ್ದರೆ ಕನ್ನಡದಲ್ಲಿ ಕರೆ ಹೋಗಲಿ, ಒಪ್ಪಿಗೆಯಾದರೆ 1 ಒತ್ತಿ ಎನ್ನಲಿ. ಬಂದ ದುಡ್ಡು ಮೊದಲೇ ಒಪ್ಪಿದ ಪಾಲಿನಂತೆ ಆಯಾ ಖಾತೆಗೆ ನೇರವಾಗಿ ಒಡೆದು ಹೋಗಲಿ. ಒಬ್ಬರ ಖಾತೆಗೆ ಬಂದು ಆಮೇಲೆ ಹಂಚಿಕೊಳ್ಳುವುದು ಎಂದಾದಾಗಲೇ ತಂಡಗಳು ಒಡೆಯುವುದನ್ನು ನಾನು ಕಂಡಿದ್ದೇನೆ. ಅಡುಗೆ ಚಾನೆಲ್‌ಗಳಲ್ಲೂ ಇದೇ ಕಥೆ. ಒಲೆ ಮುಂದೆ ನಿಲ್ಲುವವರು ತಾಯಿ, ಫೋನ್ ಮಗನದು, ಬ್ಯಾಂಕ್ ಖಾತೆ ಗಂಡನದು. ಮುಖ ಯಾರದೋ ಅವರ ಹೆಸರಿನ ಖಾತೆಗೆ ಪಾಲು ಹೋಗುವುದನ್ನೇ ನಿಮ್ಮ ಆಪ್ ಮೊದಲ ಆಯ್ಕೆಯಾಗಿ ಇಟ್ಟರೆ ಎಷ್ಟೋ ಮನೆಗಳಲ್ಲಿ ಹೆಣ್ಣುಮಕ್ಕಳ ಕೈಯಲ್ಲಿ ಅವರದೇ ದುಡ್ಡು ಓಡಾಡುತ್ತದೆ.

ಹಾಡಿನ ಹಕ್ಕು ನಮ್ಮದು ಎಂದು ಕಂಪನಿಗಳು ಹಾಕುವ ಕ್ಲೇಮಿನ ಬಗ್ಗೆಯೂ ಹೇಳಬೇಕು. ಒಂದು ಊರ ಜಾತ್ರೆಯ ತೇರೆಳೆಯುವ ಇಪ್ಪತ್ತು ನಿಮಿಷದ ವಿಡಿಯೊ ನಾನು ಎಡಿಟ್ ಮಾಡಿದ್ದೆ. ಬೆಂಡು ಬತ್ತಾಸಿನ ಅಂಗಡಿಯ ಸ್ಪೀಕರಿನಲ್ಲಿ ಯಾವುದೋ ಸಿನಿಮಾ ಹಾಡು ಕೆಲವೇ ಸೆಕೆಂಡು ಕೇಳಿಸುತ್ತಿತ್ತು, ಡೊಳ್ಳಿನ ಸದ್ದಿನ ನಡುವೆ. ಆ ವೇದಿಕೆಯ ಯಂತ್ರ ಅದನ್ನು ಹಿಡಿಯಿತು, ಪೂರ್ತಿ ವಿಡಿಯೊದ ಗಳಿಕೆ ಹಾಡಿನ ಕಂಪನಿಗೆ ಹೋಯಿತು. ಹಾಡು ಮಾಡಿದವರ ಹಕ್ಕು ನ್ಯಾಯವಾದದ್ದೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಕೆಲವು ಸೆಕೆಂಡಿಗೆ ಆ ಕೆಲವು ಸೆಕೆಂಡಿನ ಪಾಲು ಹೋಗಲಿ. ತಕರಾರು ಇತ್ಯರ್ಥವಾಗುವ ತನಕ ದುಡ್ಡು ಯಾರಿಗೂ ಹೋಗದೆ ಬೇರೆ ಕಡೆ ಇರಲಿ, ಅದು ಅಲ್ಲಿದೆ ಎಂಬುದು ಲೆಕ್ಕದ ಪುಟದಲ್ಲಿ ಕಾಣಲಿ.

ಜಾಹೀರಾತು ಪೂರ್ತಿ ಬೇಡ ಎನ್ನುವವನಲ್ಲ ನಾನು. ಹತ್ತಿರದ ಜಾಹೀರಾತು ಬೇಕು. ರಾಣೆಬೆನ್ನೂರಿನ ಬೀಜದ ವ್ಯಾಪಾರಿ, ಬನಹಟ್ಟಿಯ ಸೀರೆ ನೇಯುವವರು, ಧಾರವಾಡದ ಕೋಚಿಂಗ್ ಸೆಂಟರಿನವರು ಇವತ್ತು ಪತ್ರಿಕೆಯೊಳಗೆ ಪಾಂಪ್ಲೆಟ್ ಇಟ್ಟು ಹಂಚಿಸುತ್ತಾರೆ, ಆಟೊಗೆ ಮೈಕ್ ಕಟ್ಟಿ ಕೂಗಿಸುತ್ತಾರೆ. ಅವರು 500 ರೂಪಾಯಿ ಕೊಟ್ಟು ತಮ್ಮ ತಾಲ್ಲೂಕಿನವರು ನೋಡುವ ವಿಡಿಯೊದ ಮುಂದೆ ಹತ್ತು ಸೆಕೆಂಡು ಬರುವ ಹಾಗೆ ಮಾಡಿ. ಚಾನೆಲಿನವರು ಬೇಡ ಎಂದರೆ ಆ ಜಾಹೀರಾತು ಬರಬಾರದು. ಇಂಥ ಸಣ್ಣ, ಮರ್ಯಾದೆಯ ದಾರಿ ಇಲ್ಲದ್ದರಿಂದಲೇ ಎಷ್ಟೋ ಹುಡುಗರು ಬೆಟ್ಟಿಂಗ್ ಆಪ್‌ಗಳ ಪ್ರಮೋಷನ್ ಮಾಡಿದರು. ಅವರನ್ನು ನಂಬಿ ಆಡಿದವರು ದುಡ್ಡು ಕಳಕೊಂಡರು. 2025ರ ಆಗಸ್ಟಿನಲ್ಲಿ ಬಂದ ಆನ್‌ಲೈನ್ ಗೇಮಿಂಗ್ ಕಾಯ್ದೆ ದುಡ್ಡು ಕಟ್ಟಿ ಆಡುವ ಆಟಗಳ ಜಾಹೀರಾತನ್ನೂ ಅಪರಾಧ ಮಾಡಿದೆ. ಕಾನೂನು ಬಾಗಿಲು ಮುಚ್ಚಿದ್ದು ಒಳ್ಳೆಯದಾಯಿತು. ಬೇರೆ ಬಾಗಿಲು ತೆರೆಯುವುದು ನಿಮ್ಮ ಕೈಯಲ್ಲಿದೆ. ದುಡ್ಡು ಪಡೆದು ಮಾಡಿದ ಪ್ರಚಾರ ಎಂದು ಸ್ಪಷ್ಟವಾಗಿ ಹೇಳಬೇಕೆಂಬ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆಯ ಮಾರ್ಗಸೂಚಿ 2023ರ ಜನವರಿಯಲ್ಲೇ ಬಂದಿದೆ, 'ಇದು ಪ್ರಚಾರ' ಎಂಬ ಪಟ್ಟಿ ವಿಡಿಯೊದ ಮೇಲೆ ದೊಡ್ಡದಾಗಿ ಕಾಣುವಂತಿರಲಿ.

ಇನ್ನೆರಡು ಮಾತು ಗಟ್ಟಿಯಾಗಿ ಹೇಳುತ್ತೇನೆ.

2020ರ ಜೂನ್ 29ರ ರಾತ್ರಿ ಸರ್ಕಾರ ಟಿಕ್‌ಟಾಕ್ ಸೇರಿ 59 ಆಪ್‌ಗಳನ್ನು ನಿಷೇಧಿಸಿತು. ಕಾರಣ ದೇಶದ ಭದ್ರತೆ, ಅದು ಬೇರೆ ಚರ್ಚೆ. ನಮ್ಮ ಹಳ್ಳಿಗಳಲ್ಲಿ ಲಕ್ಷಗಟ್ಟಲೆ ಫಾಲೋವರ್ಸ್ ಇದ್ದವರು ಬೆಳಗಾಗುವುದರೊಳಗೆ ಒಬ್ಬ ಫಾಲೋವರನ್ನೂ ತಲುಪದ ಹಾಗಾದರು. ನಿಮ್ಮ ಆಪ್ ನೂರು ವರ್ಷ ನಡೆಯಲಿ, ಆದರೆ ಮುಚ್ಚುವ ದಿನಕ್ಕೂ ಇವತ್ತೇ ಏರ್ಪಾಡು ಮಾಡಿ. ದುಡ್ಡು ಕೊಡುವ ಬೆಂಬಲಿಗರು ಒಪ್ಪಿದರೆ ಅವರ ನಂಬರಿನ ಪಟ್ಟಿಯನ್ನು ಕ್ರಿಯೇಟರ್ ಯಾವಾಗ ಬೇಕಾದರೂ ಇಳಿಸಿಕೊಳ್ಳುವಂತಿರಲಿ. ಮೂಲ ವಿಡಿಯೊಗಳೂ ಹಾಗೆಯೇ. ಬಿಟ್ಟು ಹೋಗುವ ದಾರಿ ಸಲೀಸಾಗಿದ್ದರೆ ಜನ ಹೋಗಿಬಿಡುತ್ತಾರೆ ಎಂಬ ಭಯ ನಿಮ್ಮ ಹೂಡಿಕೆದಾರರಿಗೆ ಇರಬಹುದು. ಬಾಗಿಲು ತೆರೆದಿದೆ ಎಂದು ಗೊತ್ತಿದ್ದರೆ ಮಾತ್ರ ನನ್ನಂಥವನು ಇನ್ನೊಬ್ಬರಿಗೆ ಇಲ್ಲಿ ಬನ್ನಿ ಎಂದು ಧೈರ್ಯವಾಗಿ ಹೇಳಬಲ್ಲ.

ಎರಡನೆಯದು, ಖಾತೆ ಮುಚ್ಚುವುದು. ಒಂದು ಬೆಳಗ್ಗೆ ಎದ್ದರೆ 'ನಿಯಮ ಉಲ್ಲಂಘನೆ' ಎಂಬ ಎರಡು ಪದ, ಯಾವ ವಿಡಿಯೊ, ಯಾವ ನಿಯಮ, ಏನೂ ಇಲ್ಲ. ಉತ್ತರ ಬರೆದರೆ ಯಂತ್ರದ ಮರುತ್ತರ. ಇದು ನನ್ನ ಗಿರಾಕಿಗಳಲ್ಲಿ ಒಬ್ಬರಿಗಲ್ಲ, ಹಲವರಿಗೆ ಆಗಿದೆ. ನಮ್ಮ ರಾಜ್ಯವೇ 2025ರಲ್ಲಿ, ಆಪ್‌ಗಳ ಮೂಲಕ ಕೆಲಸ ಮಾಡುವ ಗಿಗ್ ಕಾರ್ಮಿಕರಿಗಾಗಿ ಕಾಯ್ದೆ ತಂದಿದೆ. ಕೆಲಸದಿಂದ ತೆಗೆಯುವ ಮುನ್ನ ಲಿಖಿತ ಕಾರಣ ಕೊಡಬೇಕು, 14 ದಿನ ಮೊದಲೇ ನೋಟಿಸ್ ಕೊಡಬೇಕು ಎಂಬ ತತ್ವ ಅದರಲ್ಲಿದೆ. ಊಟ ತಲುಪಿಸುವ ಹುಡುಗನಿಗೆ ಸಿಗಬೇಕಾದ ಈ ಮರ್ಯಾದೆ ವಿಡಿಯೊ ಮಾಡುವವರಿಗೂ ಸಿಗಲಿ. ಕಾನೂನು ಕಡ್ಡಾಯ ಮಾಡಲಿ ಎಂದು ಕಾಯಬೇಡಿ. ಮಕ್ಕಳ ಸುರಕ್ಷತೆ, ಹಿಂಸೆಯಂಥ ವಿಷಯ ಬಿಟ್ಟು ಉಳಿದೆಲ್ಲಕ್ಕೂ ಮೊದಲು ನೋಟಿಸ್, ಆಮೇಲೆ ಕ್ರಮ. ಅಷ್ಟರ ತನಕ ಗಳಿಸಿದ ದುಡ್ಡು ಏನೇ ಆದರೂ ಅವರದೇ. ಕನ್ನಡದಲ್ಲಿ ಮಾತಾಡುವ ಒಬ್ಬ ಮನುಷ್ಯ ಫೋನಿನಲ್ಲಿ ಸಿಗಲಿ.

ನೀವೂ ಬದುಕಬೇಕು, ಸರ್ವರಿನ ಬಾಡಿಗೆ, ಸಂಬಳ ಎಲ್ಲ ಇದೆ. ನಿಮ್ಮ ಪಾಲು 10 ಪರ್ಸೆಂಟ್ ಎಂದರೆ 10 ಎಂದು ಬರೆಯಿರಿ, 15 ಬೇಕಾದರೆ 15 ಎಂದು ಬರೆಯಿರಿ. ಹೆಚ್ಚಿಸುವುದಾದರೆ ಮೂರು ತಿಂಗಳು ಮೊದಲು ಹೇಳಿ. ನಮ್ಮ ಜನ ಕಮಿಷನ್ ಕಂಡವರೇ, ಮಾರುಕಟ್ಟೆಯಲ್ಲಿ ದಲಾಲಿ ಕೊಟ್ಟೇ ಮೆಣಸಿನಕಾಯಿ ಮಾರುತ್ತಾರೆ. ಎಷ್ಟು ಎಂದು ಮೊದಲೇ ತಿಳಿದರೆ ಅವರು ತಕರಾರು ಮಾಡುವುದಿಲ್ಲ.

ಲೆಕ್ಕದ ಪುಟದ ಮೊದಲ ಕರಡು ತಯಾರಾದಾಗ, ಬಣ್ಣ ಹಚ್ಚುವ ಮುನ್ನವೇ, ಹಾವೇರಿಗೆ ಬನ್ನಿ. ರೊಟ್ಟಿ ಅಕ್ಕನವರನ್ನೂ, ತತ್ವಪದದ ತಂಡವನ್ನೂ, ಟ್ರ್ಯಾಕ್ಟರ್ ಮೇಸ್ತ್ರಿಯನ್ನೂ ನಾನು ಸೇರಿಸುತ್ತೇನೆ. ಏನೂ ವಿವರಿಸದೆ ಫೋನನ್ನು ಅವರ ಕೈಗೆ ಕೊಟ್ಟು ಪಕ್ಕದಲ್ಲಿ ಕೂತುಕೊಳ್ಳಿ. ಅವರು ಕೇಳುವ ಮೊದಲ ಪ್ರಶ್ನೆ 'ಇದು ಯಾಕ ಕಟ್ ಆತು?' ಎಂದಿರುತ್ತದೆ. ಅದಕ್ಕೆ ಉತ್ತರ ನನ್ನ ಬಾಯಿಂದ ಬರದೆ ಆ ಪರದೆಯ ಮೇಲೇ ಸಿಗುವ ಹಾಗೆ ಮಾಡಿಕೊಂಡು ಬನ್ನಿ.

ಇಂತಿ ನಿಮ್ಮ,
ಹಾವೇರಿಯ ಒಬ್ಬ ವಿಡಿಯೊ ಎಡಿಟರ್